ಹೊಸ್ತಿಲು ದಾಟದ ಪೆಟ್ಟಿಗೆ

ಈ ಬರಹಕ್ಕೆ ಕಾಸರಗೋಡಿನ ನನ್ನ ಗೆಳತಿಯ ಒತ್ತಾಯವೇ ಕಾರಣ. ನಾವಿಬ್ಬರೂ ಬ್ಯಾಂಕಿನ ಗುಮಾಸ್ತೆಯರು. ಒಂದು ತರಬೇತಿ ಶಿಬಿರದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಪರಸ್ಪರರ ಕನ್ನಡ ಕೇಳಿ ಬೆರಗಾಗಿ ಪರಿಚಯವಾದವರು. ನನ್ನ ಕನ್ನಡ ಅವರಿಗೆ ಒರಟು, ಅವರ ಕನ್ನಡ ನನಗೆ ಪುಸ್ತಕದ್ದು. "ನಿಮ್ಮ ಗಡಿಯ ಬಗ್ಗೆ ನಮ್ಮ ವಾರ್ಷಿಕಕ್ಕೆ ಏನಾದರೂ ಬರೆದು ಕಳಿಸಿ" ಎಂದು ಎರಡು ವರ್ಷದಿಂದ ಹೇಳುತ್ತಿದ್ದರು. ಗಡಿಯ ಬಗ್ಗೆ ಬರೆಯುವಷ್ಟು ನಾನು ತಿಳಿದವಳಲ್ಲ, ಬಿ.ಎ. ಮಾಡಿದ್ದೇ ದೊಡ್ಡದು. "ಕಳೆದ ವರ್ಷವೆಲ್ಲ ನಾನು ತಲೆ ಕೆಡಿಸಿಕೊಂಡದ್ದು ಸ್ಕ್ಯಾನರುಗಳ ವಿಷಯಕ್ಕೆ. ಅದನ್ನು ಯಾರು ಓದುತ್ತಾರೆ?" ಎಂದೆ. "ಅದನ್ನೇ ಬರೆಯಿರಿ. ನಮ್ಮ ಮನೆಗಳ ಅಟ್ಟದ ಮೇಲೂ ಪೆಟ್ಟಿಗೆಗಳಿವೆ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಊರು ಯಾಲಾಲ. ತಾಂಡೂರಿನ ಪಕ್ಕದ ಊರು, ಕಾಗಿಣಾ ನದಿಯ ಸೀಮೆ. ತೊಗರಿ ಮತ್ತು ನೆಲಹಾಸು ಕಲ್ಲು ನಮ್ಮ ಭಾಗದ ಹೆಸರು ಹೇಳುವ ಎರಡು ವಸ್ತುಗಳು. ತಾಂಡೂರು ಕಲ್ಲು ನಿಮ್ಮ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲೂ ಇರಬಹುದು, ಕಾಲಡಿ ಒಮ್ಮೆ ನೋಡಿಕೊಳ್ಳಿ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಜಾರಿಗೆ ಬಂದಾಗ ಗುಲಬರ್ಗಾ ಜಿಲ್ಲೆಯಲ್ಲಿದ್ದ ನಮ್ಮ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಹೋಯಿತು. ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಹಾಗೇ ಹೋದವು. ಅದೇ ದಿನ, ಅದೇ ಕಾಯಿದೆಯಲ್ಲಿ, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಆಮೇಲೆ ನಮ್ಮದು ಹೈದರಾಬಾದ್ ಜಿಲ್ಲೆಯಾಯಿತು, 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾಯಿತು, 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾಯಿತು. ಮನೆ ಮಾತ್ರ ಇದ್ದಲ್ಲೇ ಇದೆ. ಅದರ ನಡುಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯೂ ಇದ್ದಲ್ಲೇ ಇದೆ.

ಆ ಪೆಟ್ಟಿಗೆಯ ಕಾವಲು ನಮ್ಮ ದೊಡ್ಡವ್ವ. ಎಂಬತ್ತು ದಾಟಿದ್ದಾಳೆ. 1960ರಲ್ಲಿ ಸೊಸೆಯಾಗಿ ಬಂದವಳು ಆ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಹಿಂದೊಮ್ಮೆ ಜಮೀನಿನ ಕೆಲಸಕ್ಕೆಂದು ಯಾರೋ ಒಯ್ದ ಕಾಗದ ಮರಳಿ ಬರಲಿಲ್ಲ. ಅಂದಿನಿಂದ ಅವಳದೊಂದು ಕಾನೂನು: "ಕಾಗದ ಹೊಸ್ತಲ ದಾಟಂಗಿಲ್ಲ ನೋಡವ್ವ. ನೋಡೋರು ಇಲ್ಲೇ ಬಂದು ನೋಡ್ರಿ." ಆ ಕಾಗದದಿಂದಾಗಿ ಅಣ್ಣತಮ್ಮಂದಿರ ಮಕ್ಕಳಲ್ಲಿ ಎಂಟು ವರ್ಷ ಮಾತು ನಿಂತಿತ್ತು ಎಂಬುದನ್ನು ಬಲ್ಲವರು ಯಾರೂ ಅವಳ ಕಾನೂನನ್ನು ಪ್ರಶ್ನಿಸುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿದೆ? ನಿಜಾಮರ ಕಾಲದ ಉರ್ದು ಛಾಪಾ ಕಾಗದಗಳು, ಫಸಲಿ ಇಸವಿಯವು. ಅದಕ್ಕೆ 590 ಕೂಡಿಸಿದರೆ ಹೆಚ್ಚು ಕಡಿಮೆ ನಮ್ಮ ಇಸವಿ ಬರುತ್ತದೆ. 1954-55ರ ಖಾಸ್ರಾ ಪಹಣಿಯ ನಕಲು. ತೆಲುಗಿನ ರಸೀದಿಗಳು. ಸೇಡಂ, ಚಿಂಚೋಳಿ, ನಾರಾಯಣಖೇಡದ ಬೀಗರು ಕನ್ನಡದಲ್ಲಿ ಬರೆದ ಕಾರ್ಡುಗಳು. ನಮ್ಮಜ್ಜನ ಲೆಕ್ಕದ ವಹಿ. ಇವೆಲ್ಲದರ ಕೆಳಗೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಮ್ಮಪ್ಪ ತಂದಿಟ್ಟ ಫಿಲ್ಮುಗಳು.

ಆ ಫಿಲ್ಮುಗಳ ಕಥೆ ಹೇಳಬೇಕು. ನಮ್ಮ ಕಡೆ ಒಂದು ಹಳೆಯ ಫೋಟೋ ಸ್ಟುಡಿಯೋ ಇತ್ತು. ಭದ್ರೇಶ್ವರ ಜಾತ್ರೆಗೆ ಬಂದ ಹಳ್ಳಿಯ ಜನರೆಲ್ಲ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಪಟ ತೆಗೆಸುತ್ತಿದ್ದರು. 1998ರಲ್ಲಿ ಅದು ಮುಚ್ಚಿತು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೆಗೆಯುವವರು ಹಳೆಯ ಫಿಲ್ಮನ್ನು ತೂಕದ ಮೇಲೆ ಕೊಳ್ಳುತ್ತಾರೆ. ಮೂವತ್ತು ವರ್ಷದ ನೆಗೆಟಿವುಗಳು ಗೋಣಿಚೀಲಕ್ಕೆ ಸೇರುತ್ತಿವೆ ಎಂದು ತಿಳಿದು ನಮ್ಮಪ್ಪ ಓಡಿದರು. ಶಾಲೆಯ ಮಾಸ್ತರರು, ಕೈಯಲ್ಲಿ ಹಣವಿಲ್ಲ. ಒಂದು ಮಧ್ಯಾಹ್ನವೆಲ್ಲ ಕೂತು, ಬಿಸಿಲಿಗೆ ಹಿಡಿದು ನೋಡಿ, ನಮ್ಮವರಿರಬಹುದು ಎನ್ನಿಸಿದ ನಲವತ್ತೊಂದು ತುಂಡು ಆರಿಸಿಕೊಂಡು ಬಂದರು. ಒಂದೊಂದನ್ನೂ ಲಕೋಟೆಗೆ ಹಾಕಿ ಮೇಲೆ ಕನ್ನಡದಲ್ಲಿ ಬರೆದರು. ಹೈದರಾಬಾದಿನ ನಿಜಾಮರ ಛಾಯಾಗ್ರಾಹಕ ರಾಜಾ ದೀನದಯಾಳರ ಗಾಜಿನ ನೆಗೆಟಿವುಗಳನ್ನು ದೆಹಲಿಯ ಇಂದಿರಾಗಾಂಧಿ ಕಲಾಕೇಂದ್ರ 1989ರಲ್ಲಿ ಕೊಂಡು ಕಾಪಾಡಿತಂತೆ, ಎರಡು ಸಾವಿರದ ಎಂಟುನೂರಕ್ಕೂ ಮಿಗಿಲು. ನಮ್ಮ ಜಾತ್ರೆಯ ಪಟಗಳಿಗೆ ಅಂಥ ಭಾಗ್ಯ ಎಲ್ಲಿಂದ ಬರಬೇಕು! ನಲವತ್ತೊಂದು ಉಳಿದವು.

ಅದರಲ್ಲಿ ಒಂದು ಲಕೋಟೆಯ ಮೇಲೆ ಅಪ್ಪ ಬರೆದದ್ದು: "ಜಾತ್ರಿ, 1961. ಅತ್ತೆಂದಿರು?" ಕೊನೆಯಲ್ಲೊಂದು ಪ್ರಶ್ನೆಯ ಚಿಹ್ನೆ.

ನಮ್ಮಪ್ಪನ ಸೋದರತ್ತೆಯರು ಇಬ್ಬರು. ಹಿರಿಯವಳನ್ನು ನಾರಾಯಣಖೇಡಕ್ಕೆ ಕೊಟ್ಟಿತ್ತು. ಕಿರಿಯವಳ ಮಗಳೇ ನಮ್ಮವ್ವ; ಅತ್ತೆಯ ಮಗಳನ್ನು ತರುವುದು ನಮ್ಮಲ್ಲಿ ಹೊಸತೇನಲ್ಲ. ಆ ಕಿರಿಯ ಅತ್ತೆ 1962ರಲ್ಲಿ ತೀರಿಕೊಂಡಳು. ಅವ್ವನಿಗಾಗ ಎಂಟು ವರ್ಷ. ಅವಳ ಪಟವೆಂದು ಇದ್ದದ್ದು ಒಂದೇ ಪ್ರತಿ, ಅಜ್ಜನ ದಿಂಬಿನ ಕೆಳಗಿರುತ್ತಿತ್ತು. 1987ರಲ್ಲಿ ಅಜ್ಜ ಹೋದಾಗ ನಮ್ಮ ಮಾವಂದಿರು ಅದನ್ನು ಅವನ ಎದೆಯ ಮೇಲಿಟ್ಟೇ ಮಣ್ಣು ಮಾಡಿದರು. ಯಾರನ್ನೂ ತಪ್ಪೆನ್ನಲಾರೆ. ಆದರೆ ಅವ್ವ ಎಪ್ಪತ್ತಕ್ಕೆ ಬಂದ ಮೇಲೆ, ಕಣ್ಣಿಗೆ ಪೊರೆ ಕಟ್ಟತೊಡಗಿದಾಗ ಒಂದು ದಿನ, "ನಮ್ಮವ್ವನ ಮಾರಿ ನೆನಪಿಗೇ ಬರವಲ್ದು" ಎಂದಳು. ಅಪ್ಪ "ಮುಂದಿನ ಜಾತ್ರಿಗಿ ಪ್ರಿಂಟ್ ಹಾಕಸೋಣು" ಎನ್ನುತ್ತಲೇ ಹೋಗಿಬಿಟ್ಟಿದ್ದರು. ಈಗ ಆ ಮುಖವನ್ನು ಗುರುತಿಸಬಲ್ಲ ಜೀವ ಒಂದೇ ಉಳಿದಿತ್ತು, ಅದು ದೊಡ್ಡವ್ವ. ಪೆಟ್ಟಿಗೆ ಹೊರಗೆ ಬರುವಂತಿಲ್ಲ. ಅಂದಮೇಲೆ ಯಂತ್ರವೇ ಒಳಗೆ ಹೋಗಬೇಕು.

ಸ್ಕ್ಯಾನರು ನನಗೆ ಹೊಸತಲ್ಲ. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ, ನೀವು ಬ್ಯಾಂಕಿಗೆ ಕೊಟ್ಟ ಚೆಕ್ಕು ಈಗ ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. 2008ರಲ್ಲಿ ದೆಹಲಿಯಲ್ಲಿ ಶುರುವಾದ ಪದ್ಧತಿ ಇದು. ಚೆಕ್ಕು ಕೊಟ್ಟ ಕಡೆಯೇ ಉಳಿಯುತ್ತದೆ, ಅದರ ಚಿತ್ರ ಮಾತ್ರ ಹೋಗುತ್ತದೆ. ಮೂರು ಚಿತ್ರ: ಮುಂಭಾಗದ್ದು ಬೂದುಬಣ್ಣದಲ್ಲಿ 100 ಡಿಪಿಐ, ಮುಂದು ಹಿಂದು ಎರಡೂ ಕಪ್ಪುಬಿಳುಪಿನಲ್ಲಿ 200 ಡಿಪಿಐ. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. ಕೋಟಿ ರೂಪಾಯಿಯ ಚೆಕ್ಕಿಗೂ ಅಷ್ಟೇ ಚುಕ್ಕೆ. ನಾನು ದಿನವೂ ಮಾಡುವ ಕೆಲಸ ದೊಡ್ಡವ್ವನ ಕಾನೂನೇ ಎಂದು ಅವಳಿಗೆ ಹೇಳಿದೆ. ಅವಳೇನೂ ಮೆಚ್ಚಲಿಲ್ಲ. "ಹಂಗಾದ್ರ ನಿಮ್ಮ ಬ್ಯಾಂಕಿಗೂ ಬುದ್ಧಿ ಬಂದದ ಅನ್ನು" ಎಂದಳು.

ಮೊದಲು ಮೊಬೈಲಿನಿಂದಲೇ ಆರಂಭಿಸಿದೆ. ಎಲ್ಲರೂ ಹಾಗೇ ಆರಂಭಿಸುತ್ತಾರೆ. ಒಂದು ಹಾಳೆಯ ರಸೀದಿಗೆ ಮೊಬೈಲು ಸಾಕು, ಬೇರೆ ಏನೂ ಬೇಡ. ಆದರೆ ಆ ಮನೆಯಲ್ಲಿ ಬೆಳಕು ಬರುವುದು ಬಾಗಿಲಿನಿಂದ ಒಂದೇ ಕಡೆ. ನನ್ನ ಕೈಯ ನೆರಳೇ ಕಾಗದದ ಮೇಲೆ. ಮಡಿಕೆ ಬಿದ್ದ ಉರ್ದು ಕಾಗದದ ಸಾಲುಗಳು ಬಿಲ್ಲಿನಂತೆ ಬಾಗಿ ಬಂದವು. ಇನ್ನೊಂದು ಮಾತು. ಮೊದಲೆಲ್ಲ ನಾನು ಕ್ಯಾಮ್‌ಸ್ಕ್ಯಾನರ್ ಎಂಬ ಆ್ಯಪ್ ಬಳಸುತ್ತಿದ್ದೆ. 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಸೇರಿತು. ಅಂದಿನಿಂದ, ಮನೆತನದ ಕಾಗದವನ್ನು ಎಲ್ಲೋ ಇರುವ ಯಾರದೋ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟು ನಿಶ್ಚಿಂತೆಯಿಂದ ಇರುವುದು ನನ್ನಿಂದಾಗದು.

ಎರಡನೆಯದು ಸಹೋದ್ಯೋಗಿಯಿಂದ ಎರವಲು ತಂದ ಕೋಲಿನಂಥ ಸ್ಕ್ಯಾನರು. ಈ ಜಾತಿಯವು ನೋಡಲು ಬಲು ಚೆಂದ. ಅಕ್ಕಿ ಅಳೆಯುವ ಪಾವಿಗಿಂತ ಹಗುರ, ಚೀಲದಲ್ಲಿ ಹಿಡಿಯುತ್ತದೆ. ಫುಜಿತ್ಸುವಿನ ಐಎಕ್ಸ್ 100ರ ತೂಕ 400 ಗ್ರಾಂ, ಒಳಗೇ ಬ್ಯಾಟರಿ. ಒಂದು ತುದಿಯಲ್ಲಿ ಕಾಗದ ಇಟ್ಟರೆ ಉರುಳೆ ಎಳೆದುಕೊಂಡು ಇನ್ನೊಂದು ಕಡೆ ಬಿಡುತ್ತದೆ. ಹೊಸ ಕಾಗದಕ್ಕೆ, ಮಕ್ಕಳ ಅಂಕಪಟ್ಟಿಗೆ, ಕರೆಂಟ್ ಬಿಲ್ಲಿಗೆ ಇದಕ್ಕಿಂತ ಸುಖವಾದದ್ದು ಇಲ್ಲ. ನಾನು ತಂದದ್ದು ಬೇರೆ ಕಂಪನಿಯದು, ಹೆಸರು ಬೇಡ, ತಪ್ಪು ಯಂತ್ರದ್ದಲ್ಲ ನನ್ನದು. 1971ರ ಒಂದು ಕಂದಾಯ ರಸೀದಿಯನ್ನು ಇಟ್ಟೆ. ಮಡಿಕೆಯ ಹತ್ತಿರ ಅದು ಸಿಕ್ಕಿಕೊಂಡು, ನಾನು ಗುಂಡಿ ಒತ್ತುವಷ್ಟರಲ್ಲಿ ಎರಡಾಗಿ ಹೊರಬಂತು. ನಡುಮನೆ ಸ್ತಬ್ಧ. ದೊಡ್ಡವ್ವ ಎರಡು ತುಂಡನ್ನೂ ಕೈಗೆತ್ತಿಕೊಂಡು ಬಹಳ ಹೊತ್ತು ಜೋಡಿಸಿ ಹಿಡಿದಳು. ಆಮೇಲೆ, "ಇದು ಗಾಣ ಅದ. ಕಬ್ಬ ಇಡು, ಕಾಗದ ಇಡಬ್ಯಾಡ" ಎಂದಳು. ಆ ದಿನ ಪೆಟ್ಟಿಗೆ ಮುಚ್ಚಿತು. ಮತ್ತೆ ತೆರೆಯಲು ಮೂರು ವಾರ ಹಿಡಿಯಿತು. ಜಹೀರಾಬಾದಿನ ನಮ್ಮಕ್ಕ ಬಂದು ಮಧ್ಯಸ್ತಿಕೆ ಮಾಡಬೇಕಾಯಿತು. ಹಳೆಯ ಕಾಗದವನ್ನು ಉರುಳೆಗೆ ಕೊಡಬೇಡಿ. ಕೊಡಲೇಬೇಕಾದರೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟು ಕೊಡಿ. ಇದನ್ನು ನಾನು ಕಲಿತದ್ದು ತಡವಾಗಿ.

ಕೈಯಲ್ಲಿ ಹಿಡಿದು ಕಾಗದದ ಮೇಲೆ ಎಳೆಯುವ ಸ್ಕ್ಯಾನರೂ ಒಂದು ಬರುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಜ್ಜನ ವಹಿಯ ಮೇಲೆ ಎಳೆದರೆ ನನ್ನ ಕೈ ನಡುಗಿದ ಕಡೆಯಲ್ಲೆಲ್ಲ ಅಕ್ಷರ ಕಾಗಿಣೆಯ ನೀರಲ್ಲಿ ಕಂಡಂತೆ ಕಂಡವು.

ಕೊನೆಗೆ ನಾನು ಸ್ವಂತ ದುಡ್ಡಿನಿಂದ ಕೊಂಡದ್ದು ಕ್ಯಾನನ್ ಲೈಡ್ 300. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ನಾಲ್ಕು ಅಂಗಡಿ ಅಲೆದು ತಂದೆ. ಇದು ಹಲಗೆಯಂಥ ಸ್ಕ್ಯಾನರು. ಗಾಜಿನ ಮೇಲೆ ಕಾಗದವನ್ನು ಮಲಗಿಸುವುದು, ಮುಚ್ಚಳ ಹಾಕುವುದು. ಕಾಗದ ಅಲುಗುವುದಿಲ್ಲ, ಕಣ್ಣೇ ಕೆಳಗಿನಿಂದ ಹರಿದಾಡುತ್ತದೆ. ತೂಕ ಎರಡು ಕಿಲೋ ಒಳಗೆ. ಬೇರೆ ಕರೆಂಟು ಬೇಡ, ಲ್ಯಾಪ್‌ಟಾಪಿನ ಒಂದೇ ತಂತಿ ಸಾಕು. ಇದನ್ನು ನೋಡಿ ದೊಡ್ಡವ್ವ, "ಇದು ರೊಟ್ಟಿ ಹಂಚಿನಂಗ ಅದ, ಇರ್ಲಿ" ಎಂದಳು. ಅವಳ ಮಾತಿನಲ್ಲಿ ಅದು ಮಂಜೂರಾತಿ.

ಅದಕ್ಕೂ ಮಿತಿ ಇದೆ. ಗಾಜಿಗೆ ಅಂಟಿಕೊಂಡದ್ದು ಮಾತ್ರ ಅದಕ್ಕೆ ಸ್ಪಷ್ಟ ಕಾಣುವುದು. ವಹಿಯ ನಡುವೆ ಹೊಲಿಗೆಯ ಹತ್ತಿರ ಹಾಳೆ ಎದ್ದು ನಿಂತಲ್ಲಿ ಮಸುಕು. ನಿಜಾಮರ ಛಾಪಾ ಕಾಗದ ಎ4 ಗಾಜಿಗಿಂತ ಉದ್ದ, ಎರಡು ಸಲಕ್ಕೆ ತೆಗೆದು ನಡುವೆ ನಾಲ್ಕು ಸಾಲು ಎರಡರಲ್ಲೂ ಬರುವಂತೆ ನೋಡಿಕೊಳ್ಳಬೇಕು. ಅಂಗಡಿಯವ 2400 ಡಿಪಿಐ ಎಂದು ಹೆಮ್ಮೆಯಿಂದ ಹೇಳಿದ್ದ; ಕಾಗದಕ್ಕೆ 300 ಸಾಕು. ಎ4 ಹಾಳೆಯೊಂದು ಅದರಲ್ಲಿ 2480ಕ್ಕೆ 3508 ಚುಕ್ಕೆಯಾಗುತ್ತದೆ, ಪೆನ್ನಿನ ಗೀರೂ ಕಾಣುತ್ತದೆ. ಅಂಚೆ ಕಾರ್ಡು, ಸಣ್ಣ ಪಟಗಳಿಗೆ 600. ಅದಕ್ಕಿಂತ ಹೆಚ್ಚಿಟ್ಟರೆ ಕಾಗದದ ನಾರು ಕಾಣುತ್ತದೆಯೇ ಹೊರತು ಹೊಸ ಅಕ್ಷರ ಹುಟ್ಟುವುದಿಲ್ಲ. ಇನ್ನೊಂದು, ಕಪ್ಪು ಶಾಯಿಯ ಕಾಗದವಾದರೂ ಬಣ್ಣದಲ್ಲೇ ತೆಗೆಯಿರಿ. ಉರ್ದು ಕಾಗದವೊಂದರ ಮೇಲೆ ಮಾಸಿದ ನೇರಳೆ ಮೊಹರು ಕಪ್ಪುಬಿಳುಪಿನಲ್ಲಿ ಬರೀ ಕೊಳೆಯಂತೆ ಕಂಡಿತ್ತು. ಬಣ್ಣದಲ್ಲಿ ತೆಗೆದಾಗ ಅದರ ದುಂಡು, ಒಳಗಿನ ಅಕ್ಷರ ಎರಡೂ ಎದ್ದು ಬಂದವು. ನಾಲ್ಕು ಭಾನುವಾರಗಳಲ್ಲಿ ಇನ್ನೂರ ಹನ್ನೆರಡು ಕಾಗದ ಮುಗಿಸಿದೆ. ದೊಡ್ಡವ್ವ ಪಕ್ಕದಲ್ಲೇ ಕೂತು ಒಂದು ಕಾಗದ ಕೊಟ್ಟು, ಅದು ಮರಳಿ ಕೈಗೆ ಬಂದ ಮೇಲೆಯೇ ಇನ್ನೊಂದನ್ನು ಕೊಟ್ಟಳು. ನಮ್ಮ ಕ್ಯಾಶ್ ಕೌಂಟರಿನಲ್ಲಿ ಕೂಡ ಇಷ್ಟು ಶಿಸ್ತು ಇಲ್ಲ.

ಫಿಲ್ಮಿಗೆ ಮಾತ್ರ ಈ ಹಂಚು ಕೆಲಸಕ್ಕೆ ಬಾರದು. ಕಾಗದದಿಂದ ಬೆಳಕು ಹಿಂದಿರುಗಿ ಬರಬೇಕು, ಫಿಲ್ಮಿನ ಮೂಲಕ ಬೆಳಕು ಹಾದು ಬರಬೇಕು. ಮುಚ್ಚಳದಲ್ಲೂ ದೀಪವಿರುವ ಸ್ಕ್ಯಾನರು ಬೇಕು. ಕೊಡಕ್ ಹೆಸರಿನಲ್ಲಿ ಸ್ಲೈಡ್ ಎನ್ ಸ್ಕ್ಯಾನ್ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ, ಮೇಲೊಂದು ಪರದೆ, ಫಿಲ್ಮನ್ನು ಬದಿಯಿಂದ ತೂರಿಸಿದರೆ ತಕ್ಷಣ ಚಿತ್ರ. ಕಂಪ್ಯೂಟರೂ ಬೇಡ. ನೆಂಟರ ಹುಡುಗನೊಬ್ಬನಲ್ಲಿತ್ತು, ತರಿಸಿದೆ. ಅದು ನಿಜಕ್ಕೂ ಸ್ಕ್ಯಾನರಲ್ಲ, ಪೆಟ್ಟಿಗೆಯೊಳಗೆ ಕೂತ ಕ್ಯಾಮೆರಾ. 1990ರ ದಶಕದ ನಮ್ಮ ಮದುವೆ, ನಾಮಕರಣದ 35 ಮಿಲಿಮೀಟರಿನ ಪಟ್ಟಿಗಳನ್ನು ಒಂದೇ ಸಂಜೆಗೆ ಮುಗಿಸಿಕೊಟ್ಟಿತು. ನಿಮ್ಮ ಮನೆಯಲ್ಲಿರುವುದು ಆ ಪಟ್ಟಿಗಳೇ ಆದರೆ ಅದೇ ಸಾಕು, ಹೆಚ್ಚು ಖರ್ಚು ಮಾಡಬೇಡಿ. ಆದರೆ ಹಳೆಯ ಸ್ಟುಡಿಯೋದವರು, ಆಗ್ಫಾ ಕ್ಲಿಕ್ ಕ್ಯಾಮೆರಾ ಇಟ್ಟುಕೊಂಡಿದ್ದ ಉತ್ಸಾಹಿಗಳು ಎಲ್ಲ ಬಳಸುತ್ತಿದ್ದದ್ದು 120 ಎಂಬ ಅಗಲದ ಫಿಲ್ಮು, ಹೆಚ್ಚುಕಡಿಮೆ ಆರು ಸೆಂಟಿಮೀಟರ್ ಅಗಲ. ಅಪ್ಪ ತಂದ ನಲವತ್ತೊಂದೂ ಅವೇ. ಪೆಟ್ಟಿಗೆಯ ಸಂದಿಯಲ್ಲಿ ಅವು ತೂರಲೇ ಇಲ್ಲ. ಕೊಳ್ಳುವ ಮೊದಲು ನಿಮ್ಮ ಫಿಲ್ಮನ್ನು ಅಡಿಪಟ್ಟಿಯಿಂದ ಅಳೆಯಿರಿ ಎನ್ನುವುದೊಂದೇ ಈ ಲೇಖನದ ಉಪಯುಕ್ತ ವಾಕ್ಯವಾದರೂ ಆಗಬಹುದು.

ಆಗ ನಾನು ಒಂದು ಬಡವರ ಉಪಾಯ ಮಾಡಿದೆ. ಮಗನ ಟ್ಯಾಬ್ಲೆಟ್ಟಿನಲ್ಲಿ ಬರೀ ಬಿಳಿ ಪರದೆ ಹಚ್ಚಿಟ್ಟೆ. ಫಿಲ್ಮನ್ನು ನೇರವಾಗಿ ಅದರ ಮೇಲಿಟ್ಟರೆ ಪರದೆಯ ಚೌಕುಳಿ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಅದಕ್ಕೆ ಬೋರ್ಡು ಬರೆಯುವವನಿಂದ ಹಾಲುಬಣ್ಣದ ಅಕ್ರಿಲಿಕ್ ತುಂಡು ತಂದು, ಟ್ಯಾಬ್ಲೆಟ್ಟಿನಿಂದ ಒಂದು ಅಂಗುಲ ಎತ್ತರಕ್ಕಿಟ್ಟು, ಅದರ ಮೇಲೆ ಫಿಲ್ಮು ಮಲಗಿಸಿದೆ. ಎರಡು ಕಡೆ ದಪ್ಪ ಪುಸ್ತಕ ಪೇರಿಸಿ ನಡುವೆ ಮೊಬೈಲು. ಬಾಗಿಲು ಮುಚ್ಚಿ ಕತ್ತಲೆ ಮಾಡಿ ತೆಗೆದೆ. ಫಿಲ್ಮಿಗೆ ಎರಡು ಮೈ ಇರುತ್ತವೆ. ಒಂದು ಹೊಳೆಯುವ ಮೈ, ಇನ್ನೊಂದು ಮಂಕು ಮೈ. ಮಂಕು ಮೈಯಲ್ಲೇ ಚಿತ್ರವಿರುವುದು, ಅದು ಕ್ಯಾಮೆರಾದ ಕಡೆಗಿದ್ದರೆ ಇನ್ನೂ ಸ್ಪಷ್ಟ ಎಂದು ಎಲ್ಲೋ ಓದಿದ್ದೆ. ಹಾಗೇ ಇಟ್ಟೆ. ಆಮೇಲೆ ಅಂಚುಗಳನ್ನು ಚೊಕ್ಕಟವಾಗಿ ಕತ್ತರಿಸಿ, ಕಪ್ಪನ್ನು ಬಿಳುಪು ಮಾಡಿ, ಬಿಳುಪನ್ನು ಕಪ್ಪು ಮಾಡಿದೆ.

ಪ್ರಶ್ನೆಯ ಚಿಹ್ನೆಯ ಲಕೋಟೆಯಿಂದ ಇಬ್ಬರು ಹೆಂಗಸರು ಎದ್ದು ಬಂದರು. ಒಬ್ಬಳು ಕುರ್ಚಿಯ ಮೇಲೆ, ಒಬ್ಬಳು ಅದರ ಪಕ್ಕ ನಿಂತು. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲಿ ನಮ್ಮ ಸೀಮೆಯಲ್ಲೆಲ್ಲೂ ಇಲ್ಲದ ಒಂದು ಸರೋವರ. ಲ್ಯಾಪ್‌ಟಾಪನ್ನು ದೊಡ್ಡವ್ವನ ತೊಡೆಯ ಮೇಲಿಟ್ಟೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

"ಇವ್ರು ನಮ್ಮೋರಲ್ಲ."

"ಸರಿಯಾಗಿ ನೋಡು ದೊಡ್ಡವ್ವ."

"ಮೂಗಬಟ್ಟ ನೋಡು. ಬಲಕ್ಕದ. ನಮ್ಮ ಮನ್ಯಾಗ ಎಡಕ್ಕೇ ಚುಚ್ಚೋದು. ಮಾರಿ ಹಂಗೇ ಕಾಣ್ತದ, ಆದ್ರ ನಮ್ಮೋರಲ್ಲ. ನಿಮ್ಮಪ್ಪ ಯಾರ್ದೋ ತಂದಾನ."

ನನಗೆ ಅಪ್ಪನ ಮೇಲೆ ಸಿಟ್ಟು ಬಂತು ಎಂದರೆ ನಂಬುತ್ತೀರಾ? ಗೋಣಿಚೀಲದಿಂದ ಅವಸರದಲ್ಲಿ ಆರಿಸಿದ್ದು. ಅವರಿಗೇ ಸಂಶಯವಿದ್ದದ್ದರಿಂದಲೇ ಆ ಚಿಹ್ನೆ ಹಾಕಿದ್ದು. ಮನೆಗೆ ಬಂದು ಅವ್ವನಿಗೆ ಏನೂ ಹೇಳಲಿಲ್ಲ. ಚಿತ್ರವನ್ನು ಅಳಿಸಿಬಿಡಬೇಕೆಂದು ರಾತ್ರಿ ಮೊಬೈಲು ತೆಗೆದೆ. ಅದರಲ್ಲಿ ನಾನು ಕತ್ತರಿಸುವ ಮೊದಲಿನ ಮೂಲ ಚಿತ್ರ ಹಾಗೇ ಇತ್ತು, ಅಂಚುಗಳ ಸಮೇತ. ಅಂಚಿನಲ್ಲಿ ಕಂಪನಿಯವರು ಅಚ್ಚು ಹಾಕಿದ ಸಣ್ಣ ಇಂಗ್ಲಿಷ್ ಅಕ್ಷರಗಳು. ಓದಲು ನೋಡಿದೆ, ಆಗಲಿಲ್ಲ. ಕನ್ನಡಿಯ ಮುಂದೆ ಹಿಡಿದೆ. 'ಕೊಡಕ್ ಸೇಫ್ಟಿ ಫಿಲ್ಮ್' ಎಂದಿತ್ತು.

ಅಕ್ಷರ ಕನ್ನಡಿಯಲ್ಲಿ ಸರಿ ಬಂದರೆ ಚಿತ್ರವೂ ಕನ್ನಡಿಯಲ್ಲೇ ಸರಿ! ಹೊಳೆಯುವ ಮೈ ನಮ್ಮ ಕಡೆಗಿದ್ದಾಗ ಮಾತ್ರ ಫಿಲ್ಮಿನ ಎಡ ಎಡವಾಗಿ, ಬಲ ಬಲವಾಗಿ ಕಾಣುವುದು. ಮಂಕು ಮೈ ಮೇಲೆ ಮಾಡಿ ತೆಗೆದವರು ಆಮೇಲೆ ಚಿತ್ರವನ್ನು ಅಡ್ಡಡ್ಡ ತಿರುಗಿಸಬೇಕು. ನಾನು ಅರ್ಧ ಓದಿ ಅರ್ಧ ಮಾಡಿದ್ದೆ, ಮೇಲಾಗಿ ಸಾಕ್ಷಿ ಹೇಳುವ ಅಂಚನ್ನೇ ಕತ್ತರಿಸಿ ಎಸೆದಿದ್ದೆ. ಬ್ಯಾಂಕಿನಲ್ಲಿ ಚೆಕ್ಕಿನ ಒಂದು ಮೂಲೆ ಕತ್ತರಿಸಿ ಹೋದರೆ ಚಿತ್ರವನ್ನು ತಿರಸ್ಕರಿಸುವವಳು ನಾನು.

ಅದರ ಮುಂದಿನ ಭಾನುವಾರಕ್ಕೆ ಹೈದರಾಬಾದಿನಿಂದ ನಮ್ಮಕ್ಕನ ಮಗ ತನ್ನ ಗೆಳೆಯನ ಎಪ್ಸನ್ ವಿ600 ತಂದ. ನಾಲ್ಕು ಕಿಲೋ ದಾಟುವ ಯಂತ್ರ. ಇದನ್ನು ಪೋರ್ಟಬಲ್ ಎಂದು ಯಾವ ಅಂಗಡಿಯವನೂ ಹೇಳುವುದಿಲ್ಲ. ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಾಂಡೂರಿನ ತನಕ ಬಂದ. ಹಾಗೆ ಒಯ್ದರೆ ಎಲ್ಲವೂ ಪೋರ್ಟಬಲ್ಲೇ. ಅದರ ಮುಚ್ಚಳದಲ್ಲಿ ದೀಪವಿದೆ, 120 ಫಿಲ್ಮು ಕೂರುವ ಚೌಕಟ್ಟಿದೆ. ಡಬ್ಬಿಯ ಮೇಲೆ 6400 ಡಿಪಿಐ ಎಂದು ಬರೆದಿದ್ದರೂ ನಾವು ಇಟ್ಟದ್ದು 2400. 56 ಮಿಲಿಮೀಟರ್ ಚೌಕದ ಚಿತ್ರ ಅಷ್ಟರಲ್ಲೇ ಎರಡು ಕೋಟಿ ಎಂಬತ್ತು ಲಕ್ಷ ಚುಕ್ಕೆಯಾಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಫೈಲು ದಪ್ಪವಾಗುತ್ತದೆ, ಮುಖ ಸ್ಪಷ್ಟವಾಗುವುದಿಲ್ಲ, ಮಾಡಿ ನೋಡಿದೆವು. ಧೂಳು ತಾನೇ ಅಳಿಸುವ ಸೌಕರ್ಯವೊಂದಿದೆ, ಅದನ್ನು ಕಪ್ಪುಬಿಳುಪು ಫಿಲ್ಮಿಗೆ ಹಚ್ಚಬಾರದು. ಅದು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನಿಂದ ಧೂಳು ಹುಡುಕುವಂಥದು, ಬೆಳ್ಳಿಯನ್ನೇ ಧೂಳೆಂದು ತಿಳಿದು ಮುಖವನ್ನೆಲ್ಲ ತಿದ್ದಿಬಿಡುತ್ತದೆ. ಮೆತ್ತನೆಯ ಕುಂಚದಿಂದ ಒರೆಸಿ, ಉಳಿದ ಚುಕ್ಕೆಗಳನ್ನು ಹಾಗೇ ಬಿಟ್ಟೆವು.

ದೊಡ್ಡವ್ವ ಈ ಸಲ ಕನ್ನಡಕ ತೆಗೆಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ನಿಂತಾಕಿ ಖೇಡದಾಕಿ" ಎಂದಳು. ಬೆರಳು ಕುರ್ಚಿಯ ಕಡೆ ಸರಿಯಿತು. "ಕುಂತಾಕಿ ನಿಮ್ಮವ್ವನ ಅವ್ವ. ಬಸುರಿ ಇದ್ಳು ಆಗ, ಅದಕ್ಕ ಕುರ್ಚಿ ಹಾಕಿದ್ರು. ಆ ಹೊಟ್ಟಿ ಕೂಸೂ ಉಳೀಲಿಲ್ಲ, ಆಕೀನೂ ಉಳೀಲಿಲ್ಲ." ಅವಳು ಹೋದದ್ದು ಜ್ವರ ಬಂದು ಎಂದೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅರವತ್ತು ವರ್ಷದ ಮೇಲೆ ಮೊದಲ ಸಲ ಬೇರೆ ಮಾತು ಕೇಳಿದೆ. ಸೆರಗಿನ ಮಡಿಕೆಯಲ್ಲಿ ನೋಡಿದರೆ ಹೌದು, ಹೊಟ್ಟೆ ಕಾಣುತ್ತಿತ್ತು. ಮೊಬೈಲಿನ ಚಿತ್ರದಲ್ಲಿ ಆ ನೆರಳು ಬಂದಿರಲಿಲ್ಲ.

ಇಷ್ಟು ಬರೆದ ಮೇಲೆ ಕಾಸರಗೋಡಿನ ಓದುಗರಿಗೆ ಎರಡು ಮಾತು ಹೇಳದಿದ್ದರೆ ಗೆಳತಿ ಬೇಸರಪಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಬಿಸಿಲು ಕಾಗದವನ್ನು ಒಣಗಿಸಿ ಹಪ್ಪಳ ಮಾಡುತ್ತದೆ. ನಿಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ. ಫಿಲ್ಮಿನ ಮೇಲಿರುವುದು ಜೆಲಟಿನ್, ಬೂಷ್ಟಿಗೆ ಅದು ಊಟ. ಚೆನ್ನಾಗಿ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಿಸಿ. ಡಬ್ಬಿ ತೆರೆದಾಗ ವಿನಿಗರಿನ ಹುಳಿ ವಾಸನೆ ಬಂದರೆ ಆ ಫಿಲ್ಮು ಕರಗತೊಡಗಿದೆ ಎಂದು ತಿಳಿಯಿರಿ. ಅದನ್ನು ಉಳಿದವುಗಳಿಂದ ಬೇರೆ ಮಾಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಒಂದಕ್ಕೊಂದು ಅಂಟಿಕೊಂಡವನ್ನು ಕಿತ್ತು ಬಿಡಿಸಬೇಡಿ. ಮೂಲ ಫೈಲು ಟಿಫ್ ಆಗಿರಲಿ, ಹಂಚಲು ಜೆಪೆಗ್ ಮಾಡಿಕೊಳ್ಳಿ. ಪ್ರತಿಗಳು ಎರಡು ಮನೆಯಲ್ಲಾದರೂ ಇರಲಿ. ಸ್ಕ್ಯಾನಾಯಿತೆಂದು ಫಿಲ್ಮನ್ನು ಎಸೆಯಬೇಡಿ. ಕೂಡಿಟ್ಟ ಕಾಗದ ಮಲಯಾಳದ್ದೋ ತುಳುವರ ಮನೆಯದೋ ಉರ್ದುವಿನದೋ ಎಂದು ನೋಡದೆ ಎಲ್ಲವನ್ನೂ ತೆಗೆಯಿರಿ. ನಮ್ಮ ಪೆಟ್ಟಿಗೆಯ ಉರ್ದುವನ್ನು ಓದಿಕೊಟ್ಟವರು ತಾಂಡೂರಿನ ಒಬ್ಬ ಹಿರಿಯ ಮೌಲ್ವಿಗಳು. ಕಾಗದ ಹೊಸ್ತಿಲು ದಾಟಲಿಲ್ಲ, ಅವರಿಗೆ ಚಿತ್ರ ತೋರಿಸಿದೆ.

ಚಿತ್ರವನ್ನು ಎಂಟು ಅಂಗುಲಕ್ಕೆ ಎಂಟು ಅಂಗುಲ ಪ್ರಿಂಟ್ ಹಾಕಿಸಿ ಅವ್ವನ ಕೈಗೆ ಕೊಟ್ಟೆ. ಅವಳಿಗೆ ಪೊರೆಯ ಶಸ್ತ್ರಕ್ರಿಯೆ ಆಗಿ ಎರಡು ವಾರವಾಗಿತ್ತು. ಬಾಗಿಲ ಬೆಳಕಿಗೆ ಹೋಗಿ ಕೂತಳು. ಅಳುತ್ತಾಳೆಂದು ನಾನು ನೀರು ತಂದಿಟ್ಟುಕೊಂಡಿದ್ದೆ. ಅಳಲಿಲ್ಲ. ಬಹಳ ಹೊತ್ತಿನ ಮೇಲೆ, "ಇಷ್ಟ್ ಸಣ್ಣಾಕಿ ಇದ್ಳೇನು?" ಎಂದಳು. ಮತ್ತೆ, "ನನ್ನ ಮೊಮ್ಮಗಳಂಗ ಕಾಣ್ತಾಳ" ಎಂದಳು.

ಇನ್ನೊಂದು ಪ್ರತಿಯನ್ನು ಯಾಲಾಲಕ್ಕೆ ಒಯ್ದೆ. ಗೋಡೆಗೆ ಹಾಕಲೆಂದು ಚೌಕಟ್ಟು ಕಟ್ಟಿಸಿದ್ದೆ. ದೊಡ್ಡವ್ವ ಅದನ್ನು ಸೆರಗಿನಿಂದ ಒರೆಸಿ, ಒಂದು ಸಲ ನೋಡಿ, ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು.